ಲೆನ್ಸ್ ಪರೀಕ್ಷೆ: ನಾಲ್ಕು ಮೂಲೆಗಳನ್ನು ನೋಡುವುದು ಹೇಗೆ?

ಹೊಸ ಲೆನ್ಸ್ ಹಾಕಿದ ತಕ್ಷಣ ನಾವು ನೋಡುವುದು ಚಿತ್ರದ ನಡುಭಾಗವನ್ನು. ಇವತ್ತಿನ ಬಹುತೇಕ ಲೆನ್ಸ್‌ಗಳು ಅಲ್ಲಿ ಚೆನ್ನಾಗಿಯೇ ಇರುತ್ತವೆ. ವ್ಯತ್ಯಾಸ ಕಾಣುವುದು ಮೂಲೆಗಳಲ್ಲಿ. ಮೂಲೆ ಮಸುಕಾಗುವುದಕ್ಕೆ ಹಲವು ಕಾರಣಗಳಿವೆ. ಅವನ್ನು ಒಂದೊಂದಾಗಿ ಬೇರ್ಪಡಿಸುವುದೇ ನಮ್ಮ ಕೆಲಸ. ಉದಾಹರಣೆಗೆ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ (36×24 ಎಂಎಂ ಸೆನ್ಸರ್‌ನ) ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ, 50 ಎಂಎಂ ಎಫ್/1.8 ಲೆನ್ಸ್ ಇದೆ ಅಂದುಕೊಳ್ಳೋಣ. ಎಫ್ ಸಂಖ್ಯೆ ಲೆನ್ಸ್‌ನ ಬೆಳಕಿನ ಕಿಂಡಿಯ (ಅಪರ್ಚರ್) ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.

ಮೊದಲು ಅಲುಗಾಟ ನಿಲ್ಲಿಸಬೇಕು. ಗಟ್ಟಿ ಟ್ರೈಪಾಡ್, ಸ್ಟೆಬಿಲೈಸೇಶನ್ ಆಫ್, ಐಎಸ್‌ಒ (ಬೆಳಕಿನ ಸಂವೇದನೆ) 100, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ), ಸೆಲ್ಫ್ ಟೈಮರ್. ಎಲೆಕ್ಟ್ರಾನಿಕ್ ಶಟರ್ ಇದ್ದರೆ ಶಟರ್‌ನ ಅದುರುವಿಕೆಯೂ ಇರುವುದಿಲ್ಲ. ಆದರೆ ಟ್ಯೂಬ್‌ಲೈಟ್ ಅಥವಾ ಎಲ್‌ಇಡಿ ಬೆಳಕಿನಲ್ಲಿ ಅದು ಚಿತ್ರದ ಮೇಲೆ ಪಟ್ಟೆ ಮೂಡಿಸಬಹುದು. ನಮ್ಮ ಕರೆಂಟ್ 50 ಹರ್ಟ್ಸ್, ಅಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಹಗಲು ಬೆಳಕೇ ವಾಸಿ.

ಫೋಕಸ್ ವಿಷಯದಲ್ಲಿ ಮಿರರ್‌ಲೆಸ್ ನಮಗೆ ದೊಡ್ಡ ಉಪಕಾರ ಮಾಡಿದೆ. ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾದ ವ್ಯೂಫೈಂಡರ್‌ನಲ್ಲಿ ನೋಡಿ ತೆಗೆಯುವಾಗ ಫೋಕಸ್ ಅಳೆಯುವುದಕ್ಕೆ ಬೇರೆಯೇ ಒಂದು ಸೆನ್ಸರ್ ಇತ್ತು. ಅದಕ್ಕೂ ಚಿತ್ರ ಮೂಡುವ ಸೆನ್ಸರ್‌ಗೂ ಕೊಂಚ ಹೊಂದಾಣಿಕೆ ತಪ್ಪಿದರೂ ಲೆನ್ಸ್ ಮೇಲೆ ಅಪವಾದ ಬರುತ್ತಿತ್ತು. ಮಿರರ್‌ಲೆಸ್‌ನಲ್ಲಿ ಚಿತ್ರ ಮೂಡುವ ಸೆನ್ಸರ್ ಮೇಲೆಯೇ ಫೋಕಸ್ ಅಳೆಯಲಾಗುತ್ತದೆ. ಆದರೂ ಪರೀಕ್ಷೆಯಲ್ಲಿ ಪರದೆಯನ್ನು ಪೂರ್ತಿ ಜೂಮ್ ಮಾಡಿ, ಕೈಯಿಂದಲೇ ಫೋಕಸ್ ಮಾಡಿ. ಪ್ರತಿ ಸಲ ಹೊಸದಾಗಿ ಫೋಕಸ್ ಮಾಡಿ ಮೂರ್ನಾಲ್ಕು ಚಿತ್ರ ತೆಗೆದು, ಅದರಲ್ಲಿ ಒಳ್ಳೆಯದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಇನ್ನು ಗೋಡೆ. 3 ಮೀಟರ್ ದೂರದಿಂದ ಈ ಲೆನ್ಸ್‌ಗೆ ಸುಮಾರು 2.2 ಮೀಟರ್ ಅಗಲದ ಗೋಡೆ ಕಾಣುತ್ತದೆ. ಇಟ್ಟಿಗೆ ಗೋಡೆ, ಅಥವಾ ನ್ಯೂಸ್‌ಪೇಪರ್ ಅಂಟಿಸಿದ ಗೋಡೆ ಸಾಕು. ಕಷ್ಟ ಇರುವುದು ಕ್ಯಾಮೆರಾವನ್ನು ನೇರವಾಗಿ ನಿಲ್ಲಿಸುವುದರಲ್ಲಿ. ಎಫ್/1.8ರಲ್ಲಿ ಫೋಕಸ್‌ನ ಆಳ ತುಂಬಾ ಕಡಿಮೆ, ಸ್ವಲ್ಪ ಓರೆಯಾದರೂ ಒಂದು ಪಕ್ಕ ಮಸುಕಾಗುತ್ತದೆ. ಇದಕ್ಕೊಂದು ಸೊಗಸಾದ ಉಪಾಯ ಇದೆ. ಗೋಡೆಗೆ ಒಂದು ಚಪ್ಪಟೆ ಕನ್ನಡಿಯನ್ನು ಒತ್ತಿ ಇಡಿ. ಕನ್ನಡಿಯಲ್ಲಿ ಕಾಣುವ ಲೆನ್ಸ್‌ನ ಬಿಂಬ ಫ್ರೇಮ್‌ನ ನಟ್ಟನಡುವೆ ಬರುವವರೆಗೆ ಕ್ಯಾಮೆರಾ ಸರಿಪಡಿಸಿ. ಬಂತು ಅಂದರೆ ಸೆನ್ಸರ್ ಗೋಡೆಗೆ ಸಮಾನಾಂತರವಾಗಿದೆ.

ಈಗ ಅಪರ್ಚರ್ ಪೂರ್ತಿ ತೆರೆದು, ನಡುಭಾಗಕ್ಕೆ ಫೋಕಸ್ ಮಾಡಿ ಚಿತ್ರ ತೆಗೆಯಿರಿ. ನಾಲ್ಕೂ ಮೂಲೆ ಒಂದೇ ಮಟ್ಟಕ್ಕೆ ಮಸುಕಾಗಿವೆಯಾ? ಹಾಗಾದರೆ ಒಂದು ಮೂಲೆಗೇ ಫೋಕಸ್ ಮಾಡಿ ಮತ್ತೆ ತೆಗೆಯಿರಿ. ಆ ಮೂಲೆ ಚುರುಕಾಗಿ ನಡುಭಾಗ ಮಸುಕಾದರೆ, ಅದು ಫೋಕಸ್ ತಲದ ಬಾಗು. ಲೆನ್ಸ್ ಗೋಡೆಯಷ್ಟು ಚಪ್ಪಟೆಯಾದ ತಲದಲ್ಲಿ ಫೋಕಸ್ ಮಾಡುತ್ತಿಲ್ಲ, ಅಷ್ಟೇ. ಜನರ ಚಿತ್ರ ತೆಗೆಯುವವರಿಗೆ ಇದರಿಂದ ತೊಂದರೆ ಕಡಿಮೆ. ಫೋಕಸ್ ಮಾಡಿದರೂ ಮೂಲೆ ಮಸುಕಾಗೇ ಉಳಿದರೆ, ಆ ಲೆನ್ಸ್‌ನ ವಿನ್ಯಾಸದ ಮಿತಿ ಅಷ್ಟು.

ಒಂದು ಮೂಲೆ ಅಥವಾ ಒಂದು ಪಕ್ಕ ಮಾತ್ರ ಕೆಟ್ಟಿದ್ದರೆ ಎಚ್ಚರ. ಕ್ಯಾಮೆರಾವನ್ನು ತಲೆಕೆಳಗು ಮಾಡಿ, ಕನ್ನಡಿಯಿಂದ ಮತ್ತೆ ಸರಿಪಡಿಸಿ ತೆಗೆಯಿರಿ. ಮಸುಕು ಫ್ರೇಮ್‌ನ ಅದೇ ಮೂಲೆಯಲ್ಲಿ ಉಳಿದರೆ ದೋಷ ಲೆನ್ಸ್‌ನಲ್ಲಿ ಅಥವಾ ಕ್ಯಾಮೆರಾದ ಮೌಂಟ್‌ನಲ್ಲಿ (ಲೆನ್ಸ್ ಕೂರುವ ಜಾಗ). ಎದುರು ಮೂಲೆಗೆ ಹೋದರೆ ಗೋಡೆ, ಜೋಡಣೆ ನೋಡಿ. ಇನ್ನೊಂದು ಲೆನ್ಸ್ ಹಾಕಿ ನೋಡಿದರೆ ಮೌಂಟ್‌ನ ಅನುಮಾನವೂ ತೀರುತ್ತದೆ. ಲೆನ್ಸ್‌ನ ಒಳಗಿನ ಗಾಜೊಂದು ಓರೆಯಾದರೆ ಅಥವಾ ಪಕ್ಕಕ್ಕೆ ಸರಿದರೆ ಹೀಗಾಗುತ್ತದೆ. ಇದನ್ನು ಡಿಸೆಂಟರಿಂಗ್ ಅನ್ನುತ್ತಾರೆ. ಅಂಥ ಲೆನ್ಸ್ ಬದಲಿಸಿಕೊಳ್ಳಲು ಹಿಂಜರಿಯಬೇಡಿ.

ಆಮೇಲೆ ಅಪರ್ಚರ್ ಕಿರಿದು ಮಾಡುತ್ತಾ ಎಫ್/2.8, 4, 5.6, 8 ಹೀಗೆ ಮುಂದುವರಿಯಿರಿ. ಎಫ್/16ರಲ್ಲಿ ಲೆನ್ಸ್‌ಗಳನ್ನು ಹೋಲಿಸುವುದು ವ್ಯರ್ಥ. ಅಲ್ಲಿ ಬೆಳಕಿನ ವಿವರ್ತನೆಯದೇ (ಕಿರಿದಾದ ಕಿಂಡಿಯಲ್ಲಿ ಹಾಯುವಾಗ ಬೆಳಕು ಹರಡಿಕೊಳ್ಳುವುದರದೇ) ಆಟ. ಹಸಿರು ಬೆಳಕಿನ ಒಂದು ಬಿಂದು ಸುಮಾರು 21 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. ನಮ್ಮ ಕ್ಯಾಮೆರಾದ ಪಿಕ್ಸೆಲ್ ಅಗಲವೋ ಸುಮಾರು 6 ಮೈಕ್ರಾನ್. ಎಷ್ಟೇ ದುಬಾರಿ ಲೆನ್ಸ್ ಇದನ್ನು ತಪ್ಪಿಸಲಾರದು.

ಮಿರರ್‌ಲೆಸ್ ಲೆನ್ಸ್‌ಗಳಲ್ಲಿ ನೇರ ಗೆರೆಗಳು ಬಾಗಿ ಕಾಣುವುದನ್ನು, ಮೂಲೆಯ ಕತ್ತಲೆಯನ್ನು ಸಾಫ್ಟ್‌ವೇರ್ ಸರಿಪಡಿಸುವುದು ಮಾಮೂಲು. ಹಾಗೆ ಎಳೆದು ಸರಿಪಡಿಸಿದಾಗ ಮೂಲೆಯ ವಿವರ ಸ್ವಲ್ಪ ಸವೆಯುತ್ತದೆ. ನನ್ನ ಪ್ರಕಾರ ತಿದ್ದುಪಡಿ ಆದ ಚಿತ್ರವನ್ನೇ ಅಳೆಯಬೇಕು, ಕೊನೆಗೆ ನಾವು ಬಳಸುವುದು ಅದನ್ನೇ ಅಲ್ವಾ? ಲೆನ್ಸ್‌ನ ಒಳಗುಣ ತಿಳಿಯುವ ಆಸೆ ಇದ್ದರೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿಯಂಥ ರಾ ಫೈಲ್ ಸಂಸ್ಕರಿಸುವ ಸಾಫ್ಟ್‌ವೇರ್‌ನಲ್ಲಿ ತಿದ್ದುಪಡಿ ತೆಗೆದು ನೋಡಿ.

ಜೂಮ್ ಲೆನ್ಸ್ ಆದರೆ ಇದೆಲ್ಲವನ್ನೂ ಎರಡು ತುದಿ ಮತ್ತು ನಡುವೆ, ಮೂರು ಕಡೆ ಮಾಡಬೇಕು. ಒಂದು ತುದಿಯಲ್ಲಿ ಸರಿ ಇದ್ದ ಲೆನ್ಸ್ ಇನ್ನೊಂದು ತುದಿಯಲ್ಲಿ ಓರೆ ತೋರಿಸುವುದುಂಟು.