ಎಂಟು ಸಾವಿರಕ್ಕೆ ಸಿಗುವ ‘ಲ್ಯೂಪೋಲ್ಡ್’ ಸ್ಕೋಪ್ ಕೊಳ್ಳಬಹುದೇ?

ಪ್ರಶ್ನೆ: ನನ್ನ ಬಳಿ .177 (ನಳಿಗೆಯ ಒಳ ಅಗಲ 0.177 ಇಂಚು) ಏರ್ ರೈಫಲ್ ಇದೆ. ಲ್ಯೂಪೋಲ್ಡ್ ಎಂದು ಬರೆದಿರುವ ಸ್ಕೋಪ್ (ಗುರಿ ನೋಡಲು ಬಂದೂಕಿನ ಮೇಲೆ ಕೂರಿಸುವ ದೂರದರ್ಶಕ) ಒಂದು ಆನ್‌ಲೈನ್‌ನಲ್ಲಿ ಎಂಟು ಸಾವಿರ ರೂಪಾಯಿಗೆ ಸಿಗುತ್ತಿದೆ. ಅದು ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? ನಕಲಿಯೇ ಆದರೂ ಏರ್‌ಗನ್‌ಗೆ ಅಷ್ಟು ಸಾಕಲ್ಲವೇ?

ಉತ್ತರ: ಕೊಳ್ಳಬೇಡಿ. ಆ ಬೆಲೆಗೆ ಅಸಲಿ ಸಿಗುವುದಿಲ್ಲ. ನಕಲಿಯಾದರೆ ಏರ್‌ಗನ್‌ಗೂ ಆಗಿಬರುವುದಿಲ್ಲ. ಎಂಟು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಅದೇ ಹಣಕ್ಕೆ ಅಥವಾ ಇನ್ನೂ ಕಡಿಮೆಗೆ, ಬೇರೆಯವರ ಹೆಸರನ್ನು ಕದಿಯದೆ ತನ್ನ ಹೆಸರಿನಲ್ಲೇ ಮಾರಾಟವಾಗುವ ಸಾಧಾರಣ ಸ್ಕೋಪ್ ಸಿಗುತ್ತದೆ. ಅದು ನಿಮ್ಮ ಕೆಲಸಕ್ಕೆ ಹೆಚ್ಚು ಹೊಂದುತ್ತದೆ.

ಮೊದಲು ಬೆಲೆಯನ್ನೇ ನೋಡೋಣ. ಲ್ಯೂಪೋಲ್ಡ್ 1907ರಲ್ಲಿ ಆರಂಭವಾದ, ಅಮೆರಿಕದ ಆರೆಗನ್ ರಾಜ್ಯದ ಕಂಪನಿ. ನಕಲು ಮಾಡುವವರಿಗೆ ಅದರ ಸಾಮಾನ್ಯ ಮಾದರಿಗಳ ಮೇಲೆ ಅಷ್ಟಾಗಿ ಕಣ್ಣಿಲ್ಲ. ಸೈನಿಕರು, ಪೊಲೀಸರು ಬಳಸಿ ಹೆಸರಾದ ಮಾರ್ಕ್ 4ರಂಥ ದುಬಾರಿ ಮಾದರಿಗಳೇ ಅವರಿಗೆ ಹೆಚ್ಚಾಗಿ ಬೇಕು. ಆ ಸಾಲಿನ ಸ್ಕೋಪ್‌ಗಳು ಅಮೆರಿಕದಲ್ಲೇ ಸಾವಿರ ಡಾಲರ್ ದಾಟುತ್ತವೆ. ಹೊಸದು, ಪೆಟ್ಟಿಗೆಸಹಿತ, ಹತ್ತರಲ್ಲಿ ಒಂದು ಪಾಲು ಬೆಲೆಗೆ ಸಿಗುತ್ತಿದೆ ಎಂದರೆ ಮುಂದಿನ ಪರೀಕ್ಷೆಯೇ ಬೇಕಿಲ್ಲ. ಇನ್ನೊಂದು ವಿಷಯವನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸುವುದಿಲ್ಲ. ಬಂದೂಕಿಗೆ ಹಾಕುವ ದೂರದರ್ಶಕಗಳು ಅಮೆರಿಕದ ರಫ್ತು ನಿಯಂತ್ರಣ ನಿಯಮಗಳಡಿ ಬರುತ್ತವೆ. 2020ರಿಂದ ಇವನ್ನು 0ಎ504 ಎಂಬ ವರ್ಗದಲ್ಲಿ ಇರಿಸಿದ್ದಾರೆ. ಅಲ್ಲಿಂದ ಬೇರೆ ದೇಶಕ್ಕೆ ಕಳುಹಿಸುವುದು ಮೊಬೈಲ್ ಕವರ್ ಕಳುಹಿಸಿದಷ್ಟು ಸಲೀಸಲ್ಲ. ಹೀಗಿರುವಾಗ ಊರು, ವಿಳಾಸ ಸರಿಯಾಗಿ ಹೇಳದ ಮಾರಾಟಗಾರನ ಬಳಿ ಅದೇ ಮಾದರಿ ‘ಐವತ್ತು ಸ್ಟಾಕ್ ಇದೆ’ ಎಂದು ಕಂಡರೆ ಅದು ಆರೆಗನ್‌ನಿಂದ ಬಂದಿರುವುದಿಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಬಿಡುತ್ತೇನೆ. ಚೀನಾದಲ್ಲಿ ತಯಾರಾದದ್ದೆಲ್ಲ ನಕಲಿಯಲ್ಲ. ಬ್ರಿಟನ್ನಿನ ಹಾಕ್ ಕಂಪನಿಯ ಸ್ಕೋಪ್‌ಗಳು, ಅಮೆರಿಕದ ವೋರ್ಟೆಕ್ಸ್ ಕಂಪನಿಯ ಅಗ್ಗದ ಸರಣಿಗಳು ಚೀನಾದ ಕಾರ್ಖಾನೆಗಳಲ್ಲೇ ಆಗುತ್ತವೆ. ಅವು ಪೂರ್ತಿ ಅಸಲಿ. ವೆಕ್ಟರ್ ಆಪ್ಟಿಕ್ಸ್, ಡಿಸ್ಕವರಿಯಂಥ ಚೀನೀ ಕಂಪನಿಗಳು ತಮ್ಮದೇ ಹೆಸರಿನಲ್ಲಿ ಮಾರುತ್ತವೆ. ಅವುಗಳ ಗುಣಮಟ್ಟದ ಬಗ್ಗೆ ನಿಮಗೂ ನನಗೂ ಬೇರೆ ಬೇರೆ ಅಭಿಪ್ರಾಯ ಇರಬಹುದು, ಆದರೆ ಕೆಟ್ಟರೆ ಯಾರನ್ನು ಕೇಳಬೇಕು ಎಂಬುದು ಗೊತ್ತಿರುತ್ತದೆ. ನನ್ನ ಸಿಟ್ಟು ಅಗ್ಗದ ಮಾಲಿನ ಮೇಲಲ್ಲ. ಇನ್ನೊಬ್ಬರ ಹೆಸರನ್ನು ಕೊರೆದು, ಆ ಹೆಸರಿನ ಜೊತೆಗೆ ಬರಬೇಕಾದ ಒಂದನ್ನೂ ಕೊಡದ ಮಾಲಿನ ಮೇಲೆ.

ಈಗ ಗುರುತಿಸುವ ಬಗೆ. ಲೋಗೋ, ಅಕ್ಷರದ ದಪ್ಪ, ಪೆಟ್ಟಿಗೆಯ ಬಣ್ಣ ಇವುಗಳನ್ನು ಫೋಟೋ ಜೊತೆ ಹೋಲಿಸಿ ತೀರ್ಮಾನಿಸುವವರೇ ಹೆಚ್ಚು. ನಾನು ಅದನ್ನು ನಂಬುವುದಿಲ್ಲ. ಲೋಗೋ ಕೊರೆಯುವ ಯಂತ್ರ ನಕಲಿ ತಯಾರಕರ ಬಳಿಯೂ ಇದೆ, ಮತ್ತು ವರ್ಷದಿಂದ ವರ್ಷಕ್ಕೆ ಅವರ ಕೈ ಪಳಗುತ್ತಿದೆ. ಕ್ರಮಸಂಖ್ಯೆ ಇದಕ್ಕಿಂತ ವಾಸಿ. ಹಣ ಕೊಡುವ ಮೊದಲೇ ಕ್ರಮಸಂಖ್ಯೆಯ ಫೋಟೋ ಕೇಳಿ, ಕಂಪನಿಗೆ ಬರೆದು ವಿಚಾರಿಸಿ. ಅಂಥ ಸಂಖ್ಯೆಯೇ ಇಲ್ಲ, ಅಥವಾ ಅದು ಬೇರೆ ಮಾದರಿಯದು ಎಂದು ಉತ್ತರ ಬಂದರೆ ನಕಲಿ ಎಂಬುದು ಖಚಿತ. ಸಂಖ್ಯೆ ಸರಿಯಿದೆ ಎಂದ ಮಾತ್ರಕ್ಕೆ ಅಸಲಿ ಎಂದು ಮಾತ್ರ ಹೇಳಲಾಗದು. ಒಂದು ಅಸಲಿ ಸ್ಕೋಪಿನ ಸಂಖ್ಯೆಯನ್ನೇ ನೂರು ನಕಲಿಗಳ ಮೇಲೆ ಕೊರೆಯಲು ಏನು ಕಷ್ಟ? ಫೋಟೋ ಕಳುಹಿಸಲು ಹಿಂದೇಟು ಹಾಕುವ ಮಾರಾಟಗಾರನನ್ನು ಅಲ್ಲಿಗೇ ಬಿಟ್ಟುಬಿಡಿ.

ಕೆಲವು ಮಾದರಿಗಳಲ್ಲಿ ಒಳಗಿನ ತಂತ್ರಜ್ಞಾನವೇ ಸತ್ಯ ಹೇಳುತ್ತದೆ. ಟ್ರಿಜಿಕಾನ್ ಕಂಪನಿಯ ಎಕಾಗ್ ಎಂಬ ಸ್ಕೋಪ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಹೆಸರಾಂತ ಮಾದರಿಗಳಲ್ಲಿ ಬ್ಯಾಟರಿಯೇ ಇಲ್ಲ. ಸ್ಕೋಪಿನ ಬೆನ್ನ ಮೇಲೆ ಕೆಂಪಗೆ ಹೊಳೆಯುವ ನಾರಿನಂಥ ಎಳೆಯೊಂದು ಹಗಲಿನ ಬೆಳಕನ್ನು ಹೀರಿ ಒಳಗಿನ ಗುರಿಚಿಹ್ನೆಯನ್ನು ಬೆಳಗಿಸುತ್ತದೆ. ಕತ್ತಲಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲ ಅದೇ ಕೆಲಸ ಮಾಡುತ್ತದೆ. ಹಗಲಿನಲ್ಲಿ ಆ ಎಳೆಯ ಮೇಲೆ ಬೆರಳಿಟ್ಟು ಮುಚ್ಚಿದರೆ ಚಿಹ್ನೆ ಮಂಕಾಗಬೇಕು. ಕತ್ತಲೆ ಕೋಣೆಯಲ್ಲಿ ಕಣ್ಣು ಕತ್ತಲಿಗೆ ಹೊಂದುವವರೆಗೆ ಕುಳಿತರೆ ಚಿಹ್ನೆ ತಾನಾಗಿ ಮಿಣುಗಬೇಕು. ಟ್ರಿಟಿಯಂನ ಅರ್ಧಾಯುಷ್ಯ (ಅದು ಅರ್ಧದಷ್ಟಾಗಲು ಬೇಕಾದ ಕಾಲ) ಸುಮಾರು 12.3 ವರ್ಷವಾದ್ದರಿಂದ ಹಳೆಯ ಸ್ಕೋಪಿನಲ್ಲಿ ಮಿಣುಕು ಕಡಿಮೆ ಇರುತ್ತದೆ. ನಕಲಿಯಲ್ಲಿ ಪಕ್ಕದಲ್ಲೊಂದು ಗುಂಡಿ, ಅದರೊಳಗೆ ನಾಣ್ಯದಾಕಾರದ ಬ್ಯಾಟರಿ, ಕೆಂಪು-ಹಸಿರು ಎರಡೂ ಬಣ್ಣದ ಬೆಳಕು ಸಿಗುತ್ತವೆ. ಬ್ಯಾಟರಿಯಿಂದ ನಡೆಯುವ ಅಸಲಿ ಎಕಾಗ್‌ಗಳೂ ಇವೆ, ಆದರೆ ಅವು ಬೇರೆ ಮಾದರಿಗಳು; ಹಾಗಾಗಿ ಕೊಳ್ಳುತ್ತಿರುವುದು ಯಾವ ಮಾದರಿ ಎಂದು ಮೊದಲು ತಿಳಿದಿರಬೇಕು. ಗುರಿ ನೋಡುವ ಸಾಧನಗಳನ್ನು ಮಾಡುವ ಇನ್ನೊಂದು ಕಂಪನಿ ಇಒಟೆಕ್‌ನ ಹೆಸರಿನಲ್ಲಿ ಬರುವ ನಕಲಿಗಳ ಕಥೆಯೂ ಹೀಗೆಯೇ. ಅಸಲಿಯಲ್ಲಿ ಲೇಸರ್ ಬಳಸಿ ಮೂಡಿಸಿದ ಹೊಲೊಗ್ರಾಮ್ ಇರುತ್ತದೆ. ನಕಲಿಯಲ್ಲಿ ಗಾಜಿಗೆ ಬೆಳಕು ಪ್ರತಿಫಲಿಸುವ ಒಂದು ಸಣ್ಣ ಎಲ್‌ಇಡಿ. ಒಂದೇ ಗುಂಡಿ ಒತ್ತಿ ಕೆಂಪಿನಿಂದ ಹಸಿರಿಗೆ ಬದಲಾಯಿಸಬಹುದಾದರೆ ಅದು ಇಒಟೆಕ್ ಅಲ್ಲ.

ಲ್ಯೂಪೋಲ್ಡ್‌ನಂಥ ಸಾಮಾನ್ಯ ರಚನೆಯ ಸ್ಕೋಪಿನಲ್ಲಿ ಇಷ್ಟು ಸುಲಭದ ಗುರುತು ಸಿಗುವುದಿಲ್ಲ. ಅಲ್ಲಿ ಸ್ಕೋಪ್ ಮಾಡಬೇಕಾದ ಕೆಲಸವನ್ನೇ ಪರೀಕ್ಷಿಸಬೇಕು. ಇದಕ್ಕೆ ಗುಂಡು ಹಾರಿಸುವುದೇ ಬೇಡ, ಕೋವಿಗೆ ಕೂರಿಸುವುದೂ ಬೇಡ. ಒಂದು ಮರದ ತುಂಡಿಗೆ ಮೌಂಟ್ (ಸ್ಕೋಪನ್ನು ಹಿಡಿದಿಡುವ ಪಟ್ಟಿ) ಹಾಕಿ, ಸ್ಕೋಪನ್ನು ಬಿಗಿದು, ಮರವನ್ನು ಅಲುಗದಂತೆ ವೈಸ್‌ಗೆ ಕಚ್ಚಿಸಿ. ಸರಿಯಾಗಿ 25 ಮೀಟರ್ ಅಳೆದು ಗೋಡೆಗೆ ಸೆಂಟಿಮೀಟರ್ ಚೌಕಗಳ ದೊಡ್ಡ ಹಾಳೆ ಅಂಟಿಸಿ. ಟರೆಟ್ (ಗುರಿ ಹೊಂದಿಸುವ ತಿರುಪು) ಮೇಲೆ ‘ಒಂದು ಕ್ಲಿಕ್‌ಗೆ ಕಾಲು ಎಂಒಎ’ ಎಂದಿದ್ದರೆ 40 ಕ್ಲಿಕ್ ತಿರುಗಿಸಿದಾಗ ರೆಟಿಕಲ್ (ಒಳಗಿನ ಗುರಿಚಿಹ್ನೆ) 10 ಎಂಒಎ (ಒಂದು ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಸರಿಯಬೇಕು. ಆ ದೂರದಲ್ಲಿ ಅದು ಸುಮಾರು 7.3 ಸೆಂಟಿಮೀಟರ್. 0.1 ಮಿಲ್ (ಮಿಲ್ ಕೂಡ ಕೋನದ ಅಳತೆ, ದೂರದ ಸಾವಿರದ ಒಂದು ಭಾಗ) ಎಂದಿದ್ದರೆ 40 ಕ್ಲಿಕ್‌ಗೆ 10 ಸೆಂಟಿಮೀಟರ್. ಮೇಲಕ್ಕೆ 40, ಬಲಕ್ಕೆ 40, ಕೆಳಕ್ಕೆ 40, ಎಡಕ್ಕೆ 40 ಕ್ಲಿಕ್ ತಿರುಗಿಸಿ. ಹೊರಟ ಚುಕ್ಕೆಗೇ ರೆಟಿಕಲ್ ಮರಳಬೇಕು. ಒಳ್ಳೆಯ ಸ್ಕೋಪ್ ಮರಳುತ್ತದೆ. ಕಳಪೆಯದರಲ್ಲಿ ಹತ್ತು ಕ್ಲಿಕ್‌ವರೆಗೆ ರೆಟಿಕಲ್ ಕದಲುವುದೇ ಇಲ್ಲ, ಹನ್ನೊಂದನೆಯದಕ್ಕೆ ಒಮ್ಮೆಲೇ ಜಿಗಿಯುತ್ತದೆ. ಮೇಲೆ-ಕೆಳಗೆ ತಿರುಗಿಸಿದರೆ ಓರೆಯಾಗಿ ಪಕ್ಕಕ್ಕೂ ಸರಿಯುತ್ತದೆ. ಇಂಥ ಸ್ಕೋಪನ್ನು ಝೀರೋ ಮಾಡಲು (ಗುಂಡು ಬೀಳುವ ಜಾಗಕ್ಕೆ ಗುರಿಚಿಹ್ನೆ ಹೊಂದಿಸಲು) ಕುಳಿತವರು ಪೆಲೆಟ್ ಡಬ್ಬ ಖಾಲಿ ಮಾಡಿ, ತಪ್ಪೆಲ್ಲ ತಮ್ಮ ಕೈಯದೇ ಎಂದುಕೊಳ್ಳುತ್ತಾರೆ. ನನಗೆ ಅತ್ಯಂತ ಬೇಸರವಾಗುವುದು ಇದಕ್ಕೇ. ಹೊಸದಾಗಿ ಕಲಿಯುವವರು ಉಪಕರಣದ ಸುಳ್ಳನ್ನು ತಮ್ಮ ದೌರ್ಬಲ್ಯ ಎಂದು ನಂಬಿ ಆಟವನ್ನೇ ಬಿಡುತ್ತಾರೆ.

ಇನ್ನೊಂದು ಪರೀಕ್ಷೆಗೆ ಒಂದು ಅಡಿಪಟ್ಟಿ ಸಾಕು. 3-9x40 (3ರಿಂದ 9 ಪಟ್ಟು ವರ್ಧನೆ, 40 ಮಿಲಿಮೀಟರ್ ವ್ಯಾಸದ ಮುಂದಿನ ಗಾಜು) ಎಂದು ಬರೆದ ಸ್ಕೋಪನ್ನು 9ಕ್ಕೆ ತಿರುಗಿಸಿ, ಬೆಳಗಿದ ಬಿಳಿ ಗೋಡೆಯ ಕಡೆ ತೋಳು ಚಾಚಿ ಹಿಡಿಯಿರಿ. ಕಣ್ಣಿಡುವ ಗಾಜಿನಲ್ಲಿ ಬೆಳಕಿನ ಸಣ್ಣ ವೃತ್ತವೊಂದು ಕಾಣುತ್ತದೆ. ಅದರ ಅಗಲ ಮುಂದಿನ ಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದಷ್ಟು, ಅಂದರೆ 40 ಭಾಗಿಸು 9, ಸುಮಾರು 4.4 ಮಿಲಿಮೀಟರ್ ಇರಬೇಕು. ಎರಡೂವರೆ ಮಿಲಿಮೀಟರ್ ಕಂಡರೆ ಬರೆದ ಅಂಕಿಗಳಲ್ಲಿ ಒಂದಾದರೂ ಸುಳ್ಳು. ಗಾಜಿನ ಅಂಚಿನ ದೋಷ ಮರೆಮಾಚಲು ಒಳಗೊಂದು ಕಿರಿದಾದ ಉಂಗುರ ಕೂರಿಸಿ, ದೊಡ್ಡ ಗಾಜಿನ ನಡುಭಾಗವನ್ನು ಮಾತ್ರ ಬಳಸುವುದು ಅಗ್ಗದ ತಯಾರಿಕೆಯ ಹಳೆಯ ಉಪಾಯ. ಮುಂದಿನ ಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುತ್ತಿದ್ದರೂ ಎಚ್ಚರ. ಕೆಂಪು ಬೆಳಕನ್ನೆಲ್ಲ ಹೊರಗೇ ಚೆಲ್ಲುವ ಆ ಲೇಪದಿಂದ ಒಳಗಿನ ದೃಶ್ಯ ನೀಲಿ-ಹಸಿರಿಗೆ ತಿರುಗುತ್ತದೆ.

‘ಏರ್‌ಗನ್‌ಗೆ ಸಾಕಲ್ಲವೇ’ ಎಂಬುದಕ್ಕೆ ಬರುತ್ತೇನೆ. ಸಾಲದು. ನಿಮ್ಮದು ನಳಿಗೆ ಮಡಿಚಿ ತುಂಬುವ ಸ್ಪ್ರಿಂಗ್ ಏರ್ ರೈಫಲ್ ಆಗಿದ್ದರೆ ಅದರ ಒದೆತ ಎರಡು ದಿಕ್ಕಿನದು. ಸ್ಪ್ರಿಂಗ್ ಬಿಟ್ಟೊಡನೆ ಪಿಸ್ಟನ್ ಮುಂದಕ್ಕೆ ಧಾವಿಸುತ್ತದೆ, ರೈಫಲ್ ಹಿಂದಕ್ಕೆ ಸರಿಯುತ್ತದೆ; ಮರುಕ್ಷಣ ಪಿಸ್ಟನ್ ಕೊನೆಗೆ ಬಡಿದು ರೈಫಲ್ಲನ್ನು ಮುಂದಕ್ಕೆ ಎಳೆಯುತ್ತದೆ. ಹಿಂದಕ್ಕೆ ಬರುವ ಒದೆತವನ್ನಷ್ಟೇ ಲೆಕ್ಕ ಹಾಕಿ ಕೂರಿಸಿದ ಒಳಭಾಗಗಳು ಈ ಜಗ್ಗಾಟದಲ್ಲಿ ಸಡಿಲವಾಗುತ್ತವೆ. ದೊಡ್ಡ ರೈಫಲ್ಲಿಗೆ ಮಾಡಿದ ಒಳ್ಳೆಯ ಸ್ಕೋಪ್‌ಗಳೂ ಸ್ಪ್ರಿಂಗ್ ಏರ್‌ಗನ್ ಮೇಲೆ ಕೆಟ್ಟಿರುವುದುಂಟು. ಅಂಟಿನಲ್ಲಿ ನಿಂತ ನಕಲಿಯ ರೆಟಿಕಲ್ ಓರೆಯಾಗಲು ಎಷ್ಟು ದಿನ ಬೇಕು? ದೂರದ ಸಮಸ್ಯೆಯೂ ಇದೆ. ಮಾರ್ಕ್ 4ನ್ನು ನೋಡಿ ಮಾಡಿದ ಉದ್ದನೆಯ ಸ್ಕೋಪ್ ನೂರಾರು ಮೀಟರ್‌ನ ಗುರಿಗೆ ಹೊಂದಿಸಿದ ವಿನ್ಯಾಸ. ನೀವು ಹೊಡೆಯುವುದು 10ರಿಂದ 30 ಮೀಟರ್‌ನೊಳಗೆ. ಅಲ್ಲಿ ಚಿತ್ರ ಮಸುಕಾಗುತ್ತದೆ, ತಲೆ ಸ್ವಲ್ಪ ಅಲುಗಿದರೂ ರೆಟಿಕಲ್ ಗುರಿಯ ಮೇಲೆ ಜಾರಾಡುತ್ತದೆ. ಹತ್ತಿರದ ದೂರಕ್ಕೆ ಫೋಕಸ್ ಹೊಂದಿಸಲು ಬರುವ, ಸ್ಪ್ರಿಂಗ್ ಏರ್‌ಗನ್‌ಗೆ ತಾಳುತ್ತದೆ ಎಂದು ತಯಾರಕರೇ ಬರೆದುಕೊಟ್ಟಿರುವ, 4x32 ಅಥವಾ 3-9x40 ಅಳತೆಯ ಸರಳ ಸ್ಕೋಪ್ ಕೊಳ್ಳಿ. ಕೊಡಗು, ಸಕಲೇಶಪುರ, ತೀರ್ಥಹಳ್ಳಿ ಕಡೆಯವರು ಒಳಗೆ ಸಾರಜನಕ ತುಂಬಿ ಮುಚ್ಚಿದ್ದೇ ಎಂದೂ ಕೇಳಿಕೊಳ್ಳಿ. ಗಾಳಿಯಾಡುವ ಸ್ಕೋಪಿನ ಒಳಗಾಜು ಒಂದು ಮಳೆಗಾಲಕ್ಕೇ ಮಂಜು ಕಟ್ಟಿ ಬೂಷ್ಟು ಹಿಡಿಯುತ್ತದೆ.

ನಿಮಗೆ ಸ್ಕೋಪ್ ನಿಜವಾಗಿ ಬೇಕೇ ಎಂದೂ ಕೇಳಿಕೊಳ್ಳಿ. ಮಗನನ್ನೋ ಮಗಳನ್ನೋ ಶೂಟಿಂಗ್ ಅಕಾಡೆಮಿಗೆ ಸೇರಿಸುವ ಯೋಚನೆಯಿದ್ದರೆ ಈ ಹಣ ಪೂರ್ತಿ ವ್ಯರ್ಥ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್, 50 ಮೀಟರ್ ರೈಫಲ್ ಎರಡರಲ್ಲೂ ದೂರದರ್ಶಕಕ್ಕೆ ಅವಕಾಶವಿಲ್ಲ. ಸಣ್ಣ ರಂಧ್ರದ ಮೂಲಕ ನೋಡುವ ಡಯಾಪ್ಟರ್ ಸೈಟ್‌ನಲ್ಲೇ ಗುರಿ ಹಿಡಿಯಬೇಕು. ಕೊಡಗಿನಲ್ಲಿ ಕೈಲ್ ಮುಹೂರ್ತ ಹಬ್ಬದ ಸಮಯದಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಸೊಗಸೂ ಬರಿಗಣ್ಣಿನ ಗುರಿಯಲ್ಲೇ ಇದೆ. ಹಕ್ಕಿ, ಮೊಲ ಹೊಡೆಯಲು ಎಂದಾದರೆ ಸ್ಕೋಪಿನ ಮಾತೇ ಬೇಡ. .177 ಏರ್ ರೈಫಲ್‌ಗೆ 20 ಜೌಲ್ ಶಕ್ತಿಯವರೆಗೆ ಪರವಾನಗಿ ಬೇಡ ಎಂಬುದು ಬೇಟೆಗೆ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಏರ್‌ಗನ್‌ಗೂ ಅನ್ವಯಿಸುತ್ತದೆ.

ಈಗಾಗಲೇ ತರಿಸಿಕೊಂಡಿದ್ದರೆ? ಪೆಟ್ಟಿಗೆ, ಬಿಲ್ಲು, ಮಾರಾಟದ ಪುಟದ ಸ್ಕ್ರೀನ್‌ಶಾಟ್ ಯಾವುದನ್ನೂ ಎಸೆಯಬೇಡಿ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ‘ನಕಲಿ ಮಾಲು’ ಎಂದು ಸ್ಪಷ್ಟವಾಗಿ ಬರೆದು ವಾಪಸ್ ಕೇಳಿ. ಮಾರಾಟಗಾರ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಗ್ರಾಹಕ ಆಯೋಗದ ದಾರಿಯೂ ಇದೆ. ದುರಸ್ತಿಗೆಂದು ಲ್ಯೂಪೋಲ್ಡ್‌ಗೆ ಕಳುಹಿಸಿ ಪ್ರಯೋಜನವಿಲ್ಲ. ನಕಲಿಗೆ ಕಂಪನಿಯ ಗ್ಯಾರಂಟಿ ಅನ್ವಯಿಸುವುದಿಲ್ಲ. ಮನೆಯಲ್ಲಿ ಪರವಾನಗಿಯ ದೊಡ್ಡ ರೈಫಲ್ ಇದ್ದರೆ ಅದರ ಮೇಲೆ ಇದನ್ನು ಖಂಡಿತ ಕೂರಿಸಬೇಡಿ. ಕಣ್ಣಿಗೂ ಸ್ಕೋಪಿಗೂ ಮೂರು-ನಾಲ್ಕು ಇಂಚು ಅಂತರ ಬಿಡುವ ವಿನ್ಯಾಸ ಇಲ್ಲದಿದ್ದರೆ ಒದೆತಕ್ಕೆ ಅದರ ಅಂಚು ಹುಬ್ಬಿಗೆ ಬಡಿದು ಸೀಳುತ್ತದೆ. ಹೋದ ಹಣ ವಾಪಸ್ ಪಡೆಯಲು ಗೆಳೆಯನಿಗೋ ಅಪರಿಚಿತನಿಗೋ ‘ಲ್ಯೂಪೋಲ್ಡ್’ ಎಂದು ದಾಟಿಸುವ ಯೋಚನೆ ಬಂದರೆ ಅಲ್ಲೇ ನಿಲ್ಲಿ. ಸ್ವಂತಕ್ಕೆ ಕೊಂಡವರನ್ನು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಶಿಕ್ಷಿಸುವುದಿಲ್ಲ. ಸುಳ್ಳು ಗುರುತಿನ ಮಾಲನ್ನು ಮಾರುವುದು ಮಾತ್ರ 104ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ.