ಮಾತಾಡಿಸಿ ಗುಣಪಡಿಸಿ, ಮತ್ತೆ ಕಂದಕಕ್ಕೆ

ಮೊದಲ ಮಹಾಯುದ್ಧ ಶುರುವಾದ ಕೆಲವೇ ತಿಂಗಳಲ್ಲಿ ಬ್ರಿಟಿಷ್ ಸೇನೆಯ ವೈದ್ಯರು ತಬ್ಬಿಬ್ಬಾದರು. ಮೈಮೇಲೆ ಗಾಯವೇ ಇಲ್ಲದ ಸೈನಿಕರಿಗೆ ಮಾತು ನಿಂತುಹೋಗಿತ್ತು, ಕೈಕಾಲು ನಡುಗುತ್ತಿತ್ತು. ಕೆಲವರಿಗೆ ಕಣ್ಣೇ ಕಾಣುತ್ತಿರಲಿಲ್ಲ. 1915ರಲ್ಲಿ ಸೇನೆಯ ವೈದ್ಯ ಚಾರ್ಲ್ಸ್ ಮೈಯರ್ಸ್ ಈ ಸ್ಥಿತಿಯ, ಅಂದರೆ 'ಶೆಲ್ ಶಾಕ್' ಬಗ್ಗೆ ಬರೆದರು. ಶೆಲ್, ಅಂದರೆ ಫಿರಂಗಿ ಗುಂಡು ಸಿಡಿದ ಹೊಡೆತಕ್ಕೆ ಮಿದುಳು ಅದುರಿರಬೇಕು ಅಂತ ಮೊದಲು ಅಂದುಕೊಂಡರು. ಆದರೆ ಸಿಡಿತದ ಹತ್ತಿರವೇ ಇರದವರಿಗೂ ಹೀಗಾಗುತ್ತಿತ್ತಲ್ಲ!

ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ವೈದ್ಯ ಲೂಯಿಸ್ ಯೀಲ್ಯಾಂಡ್ ಮಾತು ನಿಂತ ಸೈನಿಕನ ಗಂಟಲಿಗೆ ಕರೆಂಟ್ ಕೊಟ್ಟರು. ಮಾತಾಡುವ ತನಕ ಕೋಣೆ ಬಿಡುವಂತಿಲ್ಲ ಎಂದು ಬಾಗಿಲಿಗೆ ಬೀಗ ಹಾಕಿದರು. ಸೇನಾಧಿಕಾರಿಗಳ ಪಾಡು ಬೇರೆ. ಅವರಿಗಾಗಿ 1916ರಲ್ಲಿ ಎಡಿನ್‌ಬರೋದ ಕ್ರೇಗ್‌ಲಾಕಾರ್ಟ್ ಆಸ್ಪತ್ರೆ ತೆರೆಯಿತು.

ಅಲ್ಲಿದ್ದ ವೈದ್ಯ ಡಬ್ಲ್ಯೂ. ಎಚ್. ಆರ್. ರಿವರ್ಸ್ ನಮ್ಮ ಗುಂಡ್ಲುಪೇಟೆಯಿಂದ ಘಟ್ಟ ಹತ್ತಿದರೆ ಸಿಗುವ ನೀಲಗಿರಿಯಲ್ಲಿ ತೋಡ ಬುಡಕಟ್ಟಿನವರ ಬದುಕನ್ನು ಅಧ್ಯಯನ ಮಾಡಿದ್ದವರು. 'ಯುದ್ಧ ಮರೆತುಬಿಡಿ' ಎಂಬುದೇ ಆಗಿನ ಸಲಹೆ. ಮರೆಯಲು ಹೆಣಗಿದಷ್ಟೂ ಕೆಟ್ಟ ಕನಸು ಜಾಸ್ತಿ ಎನ್ನುತ್ತಿದ್ದರು ರಿವರ್ಸ್.

ಒಬ್ಬ ಅಧಿಕಾರಿಗೆ ಛಿದ್ರವಾದ ಗೆಳೆಯನ ಹೆಣ ಕನಸಿನಲ್ಲಿ ಬರುತ್ತಿತ್ತು. ಆತ ನರಳದೆ ಆ ಕ್ಷಣವೇ ಸತ್ತನೆಂಬುದಕ್ಕೆ ಆ ಸ್ಥಿತಿಯೇ ಸಾಕ್ಷಿ ಅಲ್ವಾ ಎಂದರು ರಿವರ್ಸ್. ಆಮೇಲೆ ಕನಸೇ ಬದಲಾಯಿತು: ಮನೆಯವರಿಗೆ ಕಳಿಸಲು ಗೆಳೆಯನ ಸಾಮಾನು ಎತ್ತಿಕೊಳ್ಳುತ್ತಿದ್ದಂತೆ ಕಾಣತೊಡಗಿತು. ಇನ್ನೊಬ್ಬ ಸಿಡಿತದ ರಭಸಕ್ಕೆ ಕೊಳೆತ ಶವದ ಮೇಲೆ ಮುಖ ಅಡಿಯಾಗಿ ಬಿದ್ದಿದ್ದ. ಆ ನೆನಪಿನಲ್ಲಿ ಸಮಾಧಾನ ಕೊಡುವ ಎಳೆ ರಿವರ್ಸ್‌ಗೂ ಸಿಗಲಿಲ್ಲ. ಆತ ಸೇನೆ ಬಿಡಬೇಕಾಯಿತು. ಸೋತ ಈ ಪ್ರಕರಣವನ್ನೂ ಅವರು ಮುಚ್ಚಿಡದೆ ಬರೆದರು. ನನಗೆ ಅವರು ಇಷ್ಟವಾಗುವುದು ಅದಕ್ಕೇ.

ಆದರೂ ಇದು ಸೇನೆಯ ಆಸ್ಪತ್ರೆ. ರೋಗಿ ಗುಣವಾದರೆ ಎಷ್ಟೋ ಸಲ ಮತ್ತೆ ಯುದ್ಧಕ್ಕೇ ಹೋಗಬೇಕು. 1917ರಲ್ಲಿ ಯುದ್ಧ ಮುಂದುವರಿಸುವುದನ್ನು ಬಹಿರಂಗವಾಗಿ ಖಂಡಿಸಿದ ಕವಿ ಸೀಗ್‌ಫ್ರೀಡ್ ಸಸೂನ್‌ರನ್ನು ಶೆಲ್ ಶಾಕ್ ನೆಪದಲ್ಲಿ ಇಲ್ಲಿಗೆ ಕಳಿಸಿದರು. ಅವರು ಕೊನೆಗೆ ಸೇವೆಗೆ ಮರಳಿದರು. ಅಲ್ಲೇ ಚಿಕಿತ್ಸೆ ಪಡೆದ ಇನ್ನೊಬ್ಬ ಕವಿ ವಿಲ್ಫ್ರೆಡ್ ಓವೆನ್ ಕೂಡ ಮರಳಿ, 1918ರ ನವೆಂಬರ್ 4ರಂದು ಸತ್ತರು. ಕದನ ವಿರಾಮಕ್ಕೆ ಇನ್ನು ಒಂದೇ ವಾರವಿತ್ತು.

ಈಗ ಪಿಟಿಎಸ್‌ಡಿ (ಭಯಾನಕ ಅನುಭವದ ನಂತರವೂ ಕಾಡುವ ಮಾನಸಿಕ ತೊಂದರೆ) ಎನ್ನುವ ಕಾಯಿಲೆ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದ ನಂತರ. ಮಹಾಯುದ್ಧದಲ್ಲಿ ಹೇಡಿತನ, ಪಲಾಯನದಂಥ ಆರೋಪಗಳ ಮೇಲೆ ಗುಂಡಿಟ್ಟು ಕೊಂದ 306 ಸೈನಿಕರಿಗೆ ಬ್ರಿಟನ್ ಕ್ಷಮೆ ಕೊಟ್ಟಿದ್ದು 2006ರಲ್ಲಿ.