ತಾಮ್ರ ಯಾರ ಜೊತೆ ಸೇರುತ್ತದೆ?

ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಹರಳಿನ ನೀಲಿ ನೋಡಿರುತ್ತೀರಿ. ಅದನ್ನು ಟೆಸ್ಟ್ ಟ್ಯೂಬಿನಲ್ಲಿ ಹಾಕಿ ಚೆನ್ನಾಗಿ ಕಾಯಿಸಿದರೆ ನೀಲಿಯೆಲ್ಲ ಹೋಗಿ ಬಿಳಿಚಿದ ಪುಡಿ ಉಳಿಯುತ್ತದೆ. ಆರಿದ ಮೇಲೆ ಒಂದು ಹನಿ ನೀರು ಬಿಡಿ. ಹನಿ ಬಿದ್ದ ಜಾಗದಲ್ಲೇ ಮತ್ತೆ ನೀಲಿ! ಅಷ್ಟೂ ಹೊತ್ತು ತಾಮ್ರ ಅಲ್ಲೇ ಇತ್ತು. ಹೋಗಿ ಬಂದಿದ್ದು ನೀರು ಮಾತ್ರ. ತಾಮ್ರದ ಅಯಾನಿನ (ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರದ ಕಣದ) ಬಣ್ಣ ಅದರ ಅಕ್ಕಪಕ್ಕ ಯಾರಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಆ ಅಕ್ಕಪಕ್ಕದವರಿಗೆ ಲಿಗ್ಯಾಂಡ್ ಎಂದು ಹೆಸರು. ನೀರು, ಅಮೋನಿಯಾ, ಕ್ಲೋರೈಡ್ ಎಲ್ಲವೂ ಲಿಗ್ಯಾಂಡ್ ಆಗಬಲ್ಲವು. ಇವುಗಳಲ್ಲಿ ಬೇರೆ ಬಂಧಕ್ಕೆ ಬಳಕೆಯಾಗದ ಎಲೆಕ್ಟ್ರಾನ್ ಜೋಡಿ ಇರುತ್ತದೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರ ಆ ಜೋಡಿಯಲ್ಲಿ ಪಾಲು ಪಡೆಯುತ್ತದೆ. ಬಂಧ ಕೂಡುವುದೇ ಹೀಗೆ. ಲೋಹದ ಸುತ್ತ ಅಣುಗಳು ಗೊತ್ತಾದ ದಿಕ್ಕುಗಳಲ್ಲಿ ಕೂರುತ್ತವೆ ಎಂದು ರಸಾಯನ ವಿಜ್ಞಾನಿ ಆಲ್‌ಫ್ರೆಡ್ ವರ್ನರ್ ಹೇಳಿದ್ದು 1893ರಲ್ಲಿ. ಆಗ ಎಲೆಕ್ಟ್ರಾನ್ ಇನ್ನೂ ಪತ್ತೆಯೇ ಆಗಿರಲಿಲ್ಲ. ಎಂಥ ಧೈರ್ಯದ ಊಹೆ ಅಲ್ವಾ? 1913ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿದ ತಿಳಿನೀಲಿ ದ್ರಾವಣಕ್ಕೆ ಅಮೋನಿಯಾ ದ್ರಾವಣವನ್ನು ಹನಿಹನಿಯಾಗಿ ಹಾಕೋಣ. ಮೊದಲು ತಿಳಿನೀಲಿ ಗಸಿ ಕಟ್ಟಿಕೊಳ್ಳುತ್ತದೆ. ಅದು ತಾಮ್ರದ ಹೈಡ್ರಾಕ್ಸೈಡ್. ಇನ್ನಷ್ಟು ಹಾಕುತ್ತಾ ಹೋದರೆ ಗಸಿ ಕರಗಿ, ಕಣ್ಣು ಕೀಳಲಾಗದಂಥ ದಟ್ಟ ನೀಲಿ ಮೂಡುತ್ತದೆ. ನೀರಿನ ಅಣುಗಳು ಒಂದೊಂದಾಗಿ ಜಾಗ ಬಿಟ್ಟು, ನಾಲ್ಕು ಅಮೋನಿಯಾ ಅಣುಗಳು ಬಂದು ಕೂತಿರುತ್ತವೆ. ಅಮೋನಿಯಾದ ಪ್ರಭಾವ ನೀರಿಗಿಂತ ಜಾಸ್ತಿ. ಅದರಿಂದ ತಾಮ್ರದ ಎಲೆಕ್ಟ್ರಾನ್‌ಗಳ ಶಕ್ತಿಮಟ್ಟಗಳ ನಡುವಿನ ಅಂತರ ಹಿಗ್ಗುತ್ತದೆ. ಮೊದಲು ಕೆಂಪಿನ ಅಂಚಿನ ಬೆಳಕನ್ನು ಹೀರುತ್ತಿದ್ದ ದ್ರಾವಣ ಈಗ ಕಿತ್ತಳೆ, ಹಳದಿಯನ್ನೂ ನುಂಗುತ್ತದೆ. ಉಳಿದ ನೀಲಿ ಮತ್ತು ನೇರಳೆ ನಮ್ಮ ಕಣ್ಣಿಗೆ ಬರುತ್ತವೆ. ಸಾಕಷ್ಟು ಆಮ್ಲ ಸೇರಿಸಿ ನೋಡಿ, ಅಮೋನಿಯಾ ತಾಮ್ರವನ್ನು ಬಿಟ್ಟು ಆಮ್ಲದ ಪ್ರೋಟಾನಿನ ಜೊತೆ ಹೋಗುತ್ತದೆ. ಬಣ್ಣ ಮತ್ತೆ ತಿಳಿಯಾಗುತ್ತದೆ.

ತಾಮ್ರದ ಸುತ್ತ ಆರು ಜಾಗವಿದ್ದರೂ ಅಮೋನಿಯಾ ನಾಲ್ಕಕ್ಕೇ ಯಾಕೆ ನಿಂತಿತು? ಉತ್ತರ ತಾಮ್ರದ ಒಳಗೇ ಇದೆ. ಈ ಅಯಾನಿನ ಹೊರಗಿನ d ಎಂಬ ಉಪಕವಚದಲ್ಲಿ ಹತ್ತು ಎಲೆಕ್ಟ್ರಾನ್ ಹಿಡಿಸುವ ಕಡೆ ಒಂಬತ್ತೇ ಇವೆ. ಒಂದು ಕಡಿಮೆ ಇರುವುದರಿಂದ ಆರೂ ದಿಕ್ಕಿಗೆ ಸಮನಾದ ಬಂಧ ಸಾಧ್ಯವಾಗುವುದಿಲ್ಲ. ನಾಲ್ಕು ಲಿಗ್ಯಾಂಡ್‌ಗಳು ಒಂದೇ ಸಮತಲದಲ್ಲಿ, ಸುಮಾರು 2 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ದೂರದಲ್ಲಿ, ಬಿಗಿಯಾಗಿ ಕೂರುತ್ತವೆ. ಮೇಲೊಂದು, ಕೆಳಗೊಂದು ಮಾತ್ರ ದೂರ ಸರಿದು ಸಡಿಲವಾಗಿ ನಿಲ್ಲುತ್ತವೆ. ಇಂಥ ಸೊಟ್ಟತನ ಬಂದೇ ಬರುತ್ತದೆ ಎಂದು ಯಾನ್ ಮತ್ತು ಟೆಲ್ಲರ್ ಎಂಬ ವಿಜ್ಞಾನಿಗಳು 1937ರಲ್ಲಿ ಲೆಕ್ಕ ಹಾಕಿ ತೋರಿಸಿದರು. ತಾಮ್ರದ ರಸಾಯನದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಒಂದೇ ಒಂದು ಎಲೆಕ್ಟ್ರಾನಿನ ಕೊರತೆ ಇಡೀ ಅಣುವಿನ ಆಕಾರವನ್ನೇ ಬದಲಿಸಿಬಿಡುತ್ತದೆ.

ಕೆಲವು ಲಿಗ್ಯಾಂಡ್‌ಗಳು ಒಂದಕ್ಕಿಂತ ಹೆಚ್ಚು ಕಡೆಯಿಂದ ಹಿಡಿಯುತ್ತವೆ. ಎರಡು ಕೈಯಲ್ಲಿ ಹಿಡಿದ ಹಾಗೆ: ಒಂದು ಜಾರಿದರೂ ಇನ್ನೊಂದು ಬಿಡುವುದಿಲ್ಲ, ಜಾರಿದ್ದು ಮತ್ತೆ ಹಿಡಿಯಲು ಪಕ್ಕದಲ್ಲೇ ಇರುತ್ತದೆ. ಹೀಗೆ ಎರಡು ಕಡೆಯಿಂದ ಹಿಡಿಯುವ ಎಥಿಲೀನ್ ಡೈಅಮೀನಿನ ಎರಡು ಅಣು ಬಂದರೆ ನಾಲ್ಕು ಅಮೋನಿಯಾ ಹೊರಗೆ ಹೋಗುತ್ತವೆ. ಬಿಡಿ ಅಣುಗಳ ಸಂಖ್ಯೆ ಹೆಚ್ಚುವುದರಿಂದ ಎಂಟ್ರೊಪಿಯೂ (ಕಣಗಳ ಚದುರುವಿಕೆಯ ಅಳತೆ) ಈ ಬದಲಾವಣೆಯ ಕಡೆಗೇ ಇರುತ್ತದೆ. ಇಡಿಟಿಎ ಎಂಬ ಲಿಗ್ಯಾಂಡ್ ಅಂತೂ ಆರು ಕಡೆಯಿಂದ ಹಿಡಿಯಬಲ್ಲದು. ಅದರ ಹಿಡಿತವನ್ನು ಹೇಳುವ ಸ್ಥಿರಾಂಕ 1ರ ಮುಂದೆ 18 ಸೊನ್ನೆ ಇಟ್ಟಷ್ಟು ದೊಡ್ಡದು.

ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕಲ್, ತಾಮ್ರ, ಸತು. ಈ ಸಾಲಿನಲ್ಲಿ ಲಿಗ್ಯಾಂಡ್ ಯಾವುದೇ ಇರಲಿ, ಹೆಚ್ಚಾಗಿ ತಾಮ್ರದ್ದೇ ಗಟ್ಟಿ ಬಂಧ. ರಸಾಯನ ವಿಜ್ಞಾನಿಗಳಾದ ಇರ್ವಿಂಗ್ ಮತ್ತು ವಿಲಿಯಮ್ಸ್ ಗುರುತಿಸಿದ ಈ ಕ್ರಮ ಜೀವಕೋಶಕ್ಕೆ ಒಂದು ಅಪಾಯವೂ ಹೌದು. ತಾಮ್ರವನ್ನು ಸುಮ್ನೆ ಓಡಾಡಲು ಬಿಟ್ಟರೆ ಬೇರೆ ಲೋಹಗಳು ಇರಬೇಕಾದ ಜಾಗಕ್ಕೆ ಅದೇ ಹೋಗಿ ಕೂರುತ್ತದೆ. ಹಾಗಾಗಿ ತಾಮ್ರವನ್ನು ಹೊತ್ತೊಯ್ದು ಸರಿಯಾದ ಜಾಗಕ್ಕೆ ಮುಟ್ಟಿಸಲೆಂದೇ ಕೋಶಗಳಲ್ಲಿ ಪ್ರೋಟೀನ್‌ಗಳಿವೆ.

ವಿಲ್ಸನ್ ಕಾಯಿಲೆ ಇರುವವರಲ್ಲಿ ಈ ಏರ್ಪಾಡು ಕೈಕೊಡುತ್ತದೆ. ಯಕೃತ್ತಿನಲ್ಲಿ, ಮಿದುಳಿನಲ್ಲಿ ತಾಮ್ರ ಸೇರುತ್ತಾ ಹೋಗುತ್ತದೆ. ವೈದ್ಯ ಜಾನ್ ವಾಲ್ಶ್ 1956ರಲ್ಲಿ ಇದಕ್ಕೆ ಪೆನಿಸಿಲಮೈನ್ ಎಂಬ ಲಿಗ್ಯಾಂಡನ್ನೇ ಔಷಧಿಯಾಗಿ ತಂದರು. ಗಂಧಕ, ಸಾರಜನಕ ಎರಡೂ ಇರುವ ಈ ಪುಟ್ಟ ಅಣು ತಾಮ್ರವನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಔಷಧಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವೈದ್ಯರು ಒಂದು ದಿನದ ಮೂತ್ರದಲ್ಲಿ ಎಷ್ಟು ತಾಮ್ರವಿದೆ ಎಂದು ಅಳೆಸುತ್ತಾರೆ.